ಅಪ್ಪ ಕಟ್ಟದ ಜೀವನಾಂಶ: ಹದಿನೆಂಟು ದಾಟಿದ ಮೇಲೆ ಬಾಕಿ ಕೇಳುವುದು ಹೇಗೆ?

ತಿಂಗಳಿಗೆ ಇಷ್ಟು ಕೊಡಬೇಕೆಂದು ಕೋರ್ಟು ಹೇಳಿತ್ತು. ಅಪ್ಪ ಎರಡು ತಿಂಗಳು ಕೊಟ್ಟು ಕೈಬಿಟ್ಟರು, ಅಮ್ಮ ಬಟ್ಟೆ ಹೊಲಿದು ಓದಿಸಿದರು. ಈಗ ಮಗಳಿಗೆ ಹತ್ತೊಂಬತ್ತು. ಆ ಹಣವನ್ನು ಈಗ ಕೇಳಬಹುದೇ? ಕೇಳಬಹುದು. ಆದರೆ ಎಷ್ಟು ಸಿಗುತ್ತದೆ ಎಂಬುದು ಟ್ರಂಕಿನ ತಳದಲ್ಲಿರುವ ಒಂದು ಕಾಗದದ ಮೇಲೆ ನಿಂತಿದೆ.

ಮೊದಲು ಆ ಆದೇಶ ಹುಡುಕಿ. ಸಿಗದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅಮ್ಮನ ಹೆಸರು ಹಾಕಿ ಪ್ರಕರಣದ ಸಂಖ್ಯೆ ನೋಡಿಕೊಂಡು, ಅದೇ ನ್ಯಾಯಾಲಯದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅದು ಯಾವ ಕಾಯ್ದೆಯಡಿ ಆದ ಆದೇಶ, ನಿಮ್ಮ ಹೆಸರಿಗೆ ಪ್ರತ್ಯೇಕ ಮೊತ್ತ ಇದೆಯೇ, ಯಾವ ದಿನಾಂಕದಿಂದ ಎಂಬುದನ್ನು ಗಮನಿಸಿ. ಅಮ್ಮನ ಪಾಲಿಗೆ ಅಮ್ಮನೇ ಅರ್ಜಿ ಹಾಕಬೇಕು. ನಿಮ್ಮ ಪಾಲಿಗೆ 18 ತುಂಬಿದ ಮೇಲೆ ನೀವೇ ಸಹಿ ಹಾಕಬಹುದು.

ಆದೇಶವೇ ಆಗಿಲ್ಲದಿದ್ದರೆ ಕಳೆದ ವರ್ಷಗಳ ಖರ್ಚನ್ನು ವಸೂಲು ಮಾಡುವುದು ಬಹಳ ಕಷ್ಟ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿಯನ್ನೇ ಹಾಕದ ಕಾಲಕ್ಕೆ ಅದು ನೆರವಾಗದು. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಸುಳ್ಳು ಆಸೆ ಹುಟ್ಟಿಸಬಾರದು.

ಮುಂದೆ ಲೆಕ್ಕ. ತಿಂಗಳು, ಬರಬೇಕಾದದ್ದು, ಬಂದದ್ದು, ಬಾಕಿ ಎಂದು ಒಂದು ಪಟ್ಟಿ ಬರೆದು ಅಮ್ಮನ ಪಾಸ್‌ಬುಕ್ ನಕಲು ಜೋಡಿಸಿ. ಕೈಗೆ ಕೊಟ್ಟ ಹಣವಿದ್ದರೆ ಅದನ್ನೂ ತೋರಿಸಿ. ಮುಚ್ಚಿಟ್ಟ ಒಂದೇ ಕಂತು ಇಡೀ ಪಟ್ಟಿಯ ಮೇಲಿನ ನಂಬಿಕೆ ಕೆಡಿಸುತ್ತದೆ.

ಎಲ್ಲರೂ ಎಡವುವುದು ಕಾಲಮಿತಿಯಲ್ಲಿ. ಆದೇಶ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನದಾಗಿದ್ದರೆ (2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ) ವಾರಂಟ್ (ಹಣ ವಸೂಲಿಗೆ ಕೋರ್ಟು ಹೊರಡಿಸುವ ಆಜ್ಞೆ) ಮೂಲಕ ವಸೂಲಿಗೆ ಪ್ರತಿ ಕಂತು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಅರ್ಜಿ ನಡೆಯುತ್ತಿರುವಾಗ ಸೇರಿಕೊಳ್ಳುವ ಬಾಕಿಯನ್ನು ಅದರಲ್ಲೇ ಕೇಳಬಹುದು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೀಗೆ ತೀರ್ಪು ಕೊಟ್ಟಿತು. ವರ್ಷ ದಾಟಿದ ಬಾಕಿಯೂ ಸತ್ತುಹೋಗುವುದಿಲ್ಲ. ಅದಕ್ಕೆ ಸಿವಿಲ್ ದಾರಿ ಉಳಿದೇ ಇರುತ್ತದೆ ಎಂದು 2013ರಲ್ಲಿ ಅದೇ ಕೋರ್ಟ್ ಹೇಳಿದೆ. ಹಿಂದೂಗಳ ಜೀವನಾಂಶ ಬಾಕಿಯ ದಾವೆಗೆ 3 ವರ್ಷ; ಬಾಕಿಯಾದಾಗ ನೀವು ಅಪ್ರಾಪ್ತರಾಗಿದ್ದರೆ ಕಾಲಮಿತಿ ಕಾಯ್ದೆಯ 6 ಮತ್ತು 8ನೇ ಕಲಮಿನ ಬಲದಿಂದ ಸಾಮಾನ್ಯವಾಗಿ 21 ತುಂಬುವವರೆಗೆ ಅವಕಾಶ. ಆದ್ದರಿಂದ ಇಪ್ಪತ್ತರ ಹುಡುಗ ಹುಡುಗಿಯರು ‘ಡಿಗ್ರಿ ಮುಗಿಯಲಿ’ ಎಂದು ಕಾಯಬೇಡಿ, ಈ ತಿಂಗಳೇ ವಕೀಲರನ್ನು ಕಾಣಿ. ನಿಮ್ಮ ಬಳಿ ಇರುವುದು ಸಿವಿಲ್ ಡಿಕ್ರಿಯಾದರೆ (ಸಿವಿಲ್ ದಾವೆಯಲ್ಲಿ ಬಂದ ಅಂತಿಮ ಆದೇಶ) ಅಮಲ್ಜಾರಿ ಅರ್ಜಿಗೆ, ಅಂದರೆ ಅದನ್ನು ಜಾರಿ ಮಾಡಿಸಲು ಕೋರ್ಟಿಗೆ ಹಾಕುವ ಅರ್ಜಿಗೆ, ಪ್ರತಿ ಕಂತು ತಪ್ಪಿದ ದಿನದಿಂದ 12 ವರ್ಷ ಸಮಯವಿದೆ.

ಅರ್ಜಿಯ ಜೊತೆ ಅಪ್ಪನ ಆಸ್ತಿಯ ವಿವರ ಕೊಡಿ: ಕೆಲಸದ ಸ್ಥಳ, ಬ್ಯಾಂಕ್, ಭೂಮಿ ತಂತ್ರಾಂಶದಲ್ಲಿ ಸಿಗುವ ಪಹಣಿ. ವಿಳಾಸ ಗೊತ್ತಿಲ್ಲದಿದ್ದರೆ ದೊಡ್ಡಪ್ಪನನ್ನೋ ಅತ್ತೆಯನ್ನೋ ಕೇಳಲು ಸಂಕೋಚ ಬೇಡ. ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೇ ಒಂದು ಪಾಲು ಬಿಟ್ಟು ಉಳಿದದ್ದನ್ನು ಸಾಮಾನ್ಯವಾಗಿ ಜಪ್ತಿ ಮಾಡಬಹುದು. ವಾರಂಟ್ ದಾರಿಯಲ್ಲಿ ಕಟ್ಟದವರಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು; ಜೈಲಿಗೆ ಹೋದರೂ ಸಾಲ ತೀರುವುದಿಲ್ಲ.

ಹಳೆಯ ಬಾಕಿಯಲ್ಲದೆ ಮುಂದಿನ ಜೀವನಾಂಶವನ್ನೂ ಕೆಲವರು ಕೇಳಬಹುದು. ತನ್ನನ್ನು ಸಾಕಿಕೊಳ್ಳಲಾಗದ ಅವಿವಾಹಿತ ಹಿಂದೂ ಮಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಡಿ 18ರ ನಂತರವೂ ಹಕ್ಕಿದೆ, ಮದುವೆಯ ಖರ್ಚೂ ಅದರಲ್ಲಿ ಸೇರಿದೆ. ಅಂಗವೈಕಲ್ಯದಿಂದ ದುಡಿಯಲಾಗದ ಮಗನಿಗೂ ದಾರಿಯಿದೆ. ಆರೋಗ್ಯವಂತ ಮಗನಿಗೆ ಕಾನೂನು ಅಷ್ಟು ಉದಾರವಾಗಿಲ್ಲ. ಎಂಜಿನಿಯರಿಂಗ್ ಓದುವ ಹುಡುಗನ ಫೀಸು 18ಕ್ಕೆ ನಿಲ್ಲುವುದಿಲ್ಲ, ಈ ಕಾನೂನು ಬದಲಾಗಬೇಕು.

ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ನೋಟಿಸ್ ತಲುಪಿದ ಮೇಲೆ ‘ಒಂದೇ ಸಲ ಇಷ್ಟು ಕೊಡುತ್ತೇನೆ, ಕೇಸು ಮುಗಿಸಿ’ ಎಂಬ ಮಾತು ಬರಬಹುದು. ಒಪ್ಪುವುದು ತಪ್ಪಲ್ಲ. ಆದರೆ ರಾಜಿ ಪತ್ರದ ಪ್ರತಿ ಸಾಲು ಓದಿ. ಜೀವನಾಂಶ ಬೇರೆ, ಪಿತ್ರಾರ್ಜಿತ ಆಸ್ತಿಯ ಪಾಲು ಬೇರೆ. ‘ಆಸ್ತಿಯಲ್ಲಿ ಯಾವ ಹಕ್ಕೂ ಇಲ್ಲ’ ಎಂಬ ಸಾಲು ನಡುವೆ ನುಸುಳಿದ್ದರೆ ಅದನ್ನು ತೆಗೆಸಿದ ಮೇಲಷ್ಟೇ ಸಹಿ ಹಾಕಿ.