ಹೀಟರ್ ಹಾಕದಿದ್ದರೂ ಮಫ್ಲರ್ ಕವಚ ಬಿಚ್ಚಿ ನೋಡಿ

ಚಿಕ್ಕ ವಿಮಾನಗಳ ಹ್ಯಾಂಗರಿನಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ. "ನಮ್ಮ ಕಡೆ ಕ್ಯಾಬಿನ್ ಹೀಟರ್ ಯಾರು ಹಾಕ್ತಾರೆ ಸಾರ್? ಮಫ್ಲರ್ ಕವಚ ಬಿಚ್ಚೋದು ಸುಮ್ನೆ ಟೈಮ್ ವೇಸ್ಟ್." ಮಫ್ಲರ್ ಅಂದರೆ ಇಂಜಿನ್ ಹೊಗೆ ಹೋಗುವ ಸೈಲೆನ್ಸರ್. ಹೀಗೆ ಹೇಳುವವರು ಸೋಮಾರಿಗಳೇನಲ್ಲ, ಒಳ್ಳೆಯ ಕೆಲಸಗಾರರೇ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ತಿಳಿಸಲು ಒಂದು ಸೆಸ್ನಾ 152 ವಿಮಾನದ ಮಫ್ಲರ್ ಬದಲಿಸಿದ ಕೆಲಸವನ್ನೇ ಇಲ್ಲಿ ಬರೆಯುತ್ತೇನೆ.

ನಾನು ಚಿಕ್ಕಬಳ್ಳಾಪುರದವನು. ಪಿಸ್ಟನ್ ಇಂಜಿನ್ ವಿಮಾನಗಳಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಬಿ1.2 ನಿರ್ವಹಣಾ ಲೈಸೆನ್ಸ್ ನನ್ನದು. ಬೆಳಗ್ಗೆ ಹೆದ್ದಾರಿ 44 ಹಿಡಿದು ಬೆಂಗಳೂರಿನ ಕಡೆ ಹೋಗಿ ಹ್ಯಾಂಗರ್ ಕೆಲಸ, ಸಂಜೆ ವಾಪಸ್ ಊರಿಗೆ. ನಮ್ಮೂರಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು "ಈ ಕೆಲಸಕ್ಕೆ ಬರೋದು ಹೇಗೆ" ಅಂತ ನನ್ನನ್ನು ಕೇಳುತ್ತಿರುತ್ತಾರೆ. ಇದನ್ನು ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ.

ಬೈಕಿನ ಸೈಲೆನ್ಸರ್ ಸದ್ದು ತಗ್ಗಿಸಿದರೆ ಅದರ ಕೆಲಸ ಮುಗಿಯಿತು. ಸಣ್ಣ ವಿಮಾನದ ಮಫ್ಲರಿಗೆ ಇನ್ನೊಂದು ಕೆಲಸವೂ ಇದೆ. ಅದರ ಸುತ್ತ ತಗಡಿನ ಕವಚ ಹಾಕಿರುತ್ತಾರೆ. ಹೊರಗಿನ ಗಾಳಿ ಈ ಕವಚದೊಳಗೆ ಬಂದು, ಮಫ್ಲರಿನ ಮೈಗೆ ತಾಗಿ ಬಿಸಿಯಾಗುತ್ತದೆ. 152ರಲ್ಲಿ ಈ ಬಿಸಿಗಾಳಿ ಕ್ಯಾಬಿನ್ ಹೀಟರಿಗೂ ಹೋಗುತ್ತದೆ, ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿಕೊಡುವ ಕಾರ್ಬುರೇಟರಿಗೂ ಹೋಗುತ್ತದೆ. ಅಂದರೆ ಇಂಜಿನ್ ಉಗುಳುವ ಹೊಗೆಗೂ ಪೈಲಟ್ ಉಸಿರಾಡುವ ಗಾಳಿಗೂ ನಡುವೆ ಇರುವುದು ಒಂದು ಮಿಲಿಮೀಟರ್ ಆಸುಪಾಸು ದಪ್ಪದ ಸ್ಟೀಲ್ ತಗಡು ಮಾತ್ರ.

ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ಸ್ವಲ್ಪ ತಲೆನೋವು, ಆಮೇಲೆ ಮಂಪರು. ಯೋಚಿಸುವ ಶಕ್ತಿಯೂ ಜೊತೆಗೇ ಕುಗ್ಗುವುದರಿಂದ ತನಗೆ ಏನೋ ಆಗುತ್ತಿದೆ ಅಂತ ಪೈಲಟ್‌ಗೆ ಹೊಳೆಯುವುದೇ ಕಷ್ಟ.

ಹೀಟರ್ ಹಾಕದ ಊರಲ್ಲಿ ಇದೆಲ್ಲ ಯಾಕೆ ಅಂತೀರಾ? ಒಂದನೆಯದಾಗಿ, ನಮ್ಮ ಕಡೆಯೂ ಹೀಟರ್ ಹಾಕುತ್ತಾರೆ. ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ನಸುಕಿನ ಚಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ. ನಮ್ಮೂರೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 4,851 ಅಡಿ. ಊರಲ್ಲಿ 14 ಡಿಗ್ರಿ ಇದ್ದರೆ 7,000 ಅಡಿಯಲ್ಲಿ ಆರೇಳು ಡಿಗ್ರಿ. ಬೆಳಗಿನ ಹಾರಾಟದ ವಿದ್ಯಾರ್ಥಿ ಹೀಟರ್ ನಾಬ್ ಎಳೆಯದೆ ಇರುತ್ತಾನಾ? ಎರಡನೆಯದು, ಹೀಟರ್ ಎಳೆಯದಿದ್ದರೂ ಕಾರ್ಬ್ ಹೀಟ್, ಅಂದರೆ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ನಾಬ್, ಎಳೆದೇ ಎಳೆಯುತ್ತಾರೆ. ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟಬಾರದು ಅಂತ ಇಳಿಯುವ ಮುಂಚೆ ಪವರ್ ತಗ್ಗಿಸುವಾಗೆಲ್ಲ ಎಳೆಯುತ್ತಾರೆ. ಮಫ್ಲರ್ ಬಿರುಕು ಬಿಟ್ಟಿದ್ದರೆ ಆಗ ಇಂಜಿನ್ ತನ್ನ ಹೊಗೆಯನ್ನೇ ತಾನು ಕುಡಿಯುತ್ತದೆ.

ಮೂರನೆಯದನ್ನು ಹೇಳಲು ಆಸ್ಟ್ರೇಲಿಯಾಕ್ಕೆ ಹೋಗಬೇಕು. 2017ರ ಡಿಸೆಂಬರ್ 31ರಂದು ಸಿಡ್ನಿ ಹತ್ತಿರ ನೀರಿನಿಂದ ಮೇಲೇರಿದ ಬೀವರ್ ವಿಮಾನ ಬಿದ್ದು ಆರು ಜನ ಸತ್ತರು. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ತನಿಖೆ ಮಾಡಿದವರಿಗೆ ಪೈಲಟ್ ಮತ್ತು ಪ್ರಯಾಣಿಕರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಕ್ಕಿತು. ಸಿಲಿಂಡರುಗಳ ಹೊಗೆ ಒಟ್ಟುಗೂಡಿಸುವ ಎಕ್ಸಾಸ್ಟ್ ಕಲೆಕ್ಟರ್ ರಿಂಗಿನಲ್ಲಿ ಹಳೆಯ ಬಿರುಕಿತ್ತು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್‌ನಲ್ಲಿರುವ ಮ್ಯಾಗ್ನೆಟೊ (ಇಂಜಿನ್‌ಗೆ ಕಿಡಿ ಕೊಡುವ ಉಪಕರಣ) ಪ್ಯಾನೆಲ್‌ನ ಕೆಲವು ಬೋಲ್ಟುಗಳು ಇರಲಿಲ್ಲ. ಆ ತೂತುಗಳಿಂದ ಹೊಗೆ ಒಳಗೆ ಬಂತು. ಹೀಟರ್ ನಾಬ್ ಮುಚ್ಚಿದೆ ಅನ್ನುವ ನೆಮ್ಮದಿ ಎಷ್ಟು ಪೊಳ್ಳು ಅಂತ ಈ ಒಂದು ಘಟನೆಯಿಂದ ಗೊತ್ತಾಗುತ್ತದೆ.

ಈಗ ನಮ್ಮ 152ರ ವಿಷಯ. ಕಾರ್ಬ್ ಹೀಟ್ ಎಳೆದಾಗ ಆರ್‌ಪಿಎಂ ಸ್ವಲ್ಪ ಇಳಿಯುವುದು ಸಹಜ. ಈ ವಿಮಾನದಲ್ಲಿ ಇಳಿತ ಎಂದಿಗಿಂತ ಜಾಸ್ತಿ, ಇಂಜಿನ್ ಒರಟಾಗಿ ಓಡುತ್ತಿದೆ ಅಂತ ಹಾರಾಟ ಕಲಿಸುವವರು ಬರೆದಿದ್ದರು. ಇಂಜಿನ್ ತಣ್ಣಗಾದ ಮೇಲೆ ಕೌಲಿಂಗ್ (ಇಂಜಿನ್ ಮುಚ್ಚಳ) ತೆಗೆದೆ. ಜೊತೆಗಿದ್ದ ಹುಡುಗ ಬಟ್ಟೆ, ಸಾಲ್ವೆಂಟ್ ಹಿಡಿದು ಒರೆಸಲು ಬಂದ. ತಡೆದೆ. ಎಕ್ಸಾಸ್ಟ್ ಭಾಗವನ್ನು ನೋಡುವ ಮುಂಚೆ ತೊಳೆಯಬಾರದು. ಸೋರಿಕೆ ತಾನೇ ಗುರುತು ಬಿಟ್ಟಿರುತ್ತದೆ. ನಾವು ಹಾಕುವ 100ಎಲ್‌ಎಲ್ ಪೆಟ್ರೋಲಿನಲ್ಲಿ ಸೀಸ ಇರುವುದರಿಂದ ಹೊಗೆ ಸೋರಿದ ಕಡೆ ತಿಳಿ ಬೂದು ಬಣ್ಣದ ಪುಡಿ ಕೂತಿರುತ್ತದೆ, ಕೆಲವು ಕಡೆ ಕಪ್ಪು ಮಸಿ. ಒರೆಸಿದರೆ ಅದೂ ಹೋಯಿತು.

ಕವಚದ ಹೊರಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂ ಬಿಚ್ಚಿ ಕವಚ ಸರಿಸಿದೆ. ಅದರ ಒಳಮೈಯಲ್ಲಿ ಬೂದು ಪುಡಿಯ ಒಂದು ಪಟ್ಟಿ, ಬೆರಳಗಲ. ಅದರ ಎದುರಿಗೆ ಮಫ್ಲರಿನ ಮೇಲೆ, ಸಿಲಿಂಡರಿನ ಹೊಗೆ ತರುವ ರೈಸರ್ ಪೈಪ್ ಬಂದು ಕೂಡುವ ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳು ಗೆರೆ. ಟಾರ್ಚ್ ನೇರ ಹಿಡಿದರೆ ಕಾಣದು. ಓರೆ ಹಿಡಿದು ಕನ್ನಡಿಯಲ್ಲಿ ನೋಡಿದರೆ ಮಾತ್ರ ಕಾಣುತ್ತದೆ.

ಖಚಿತ ಮಾಡಿಕೊಳ್ಳಲು ಒತ್ತಡದ ಪರೀಕ್ಷೆ ಮಾಡಿದೆವು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಹೊಗೆ ಹೊರಹೋಗುವ ಟೇಲ್‌ಪೈಪಿಗೆ ಜೋಡಿಸಿ, ಸುತ್ತ ಸೋರದಂತೆ ಮುಚ್ಚಿ, ಎಲ್ಲ ಜಾಯಿಂಟುಗಳಿಗೂ ಬೆಸುಗೆಗಳಿಗೂ ಸೋಪ್ ನೀರು ಸವರುವುದು. ಒತ್ತಡ ಹೆಚ್ಚು ಬೇಕಾಗಿಲ್ಲ, ಒಂದೆರಡು ಪಿಎಸ್‌ಐ ಸಾಕು. ಪೈಪುಗಳು ಒಂದರೊಳಗೊಂದು ಕೂರುವ ಸ್ಲಿಪ್ ಜಾಯಿಂಟಿನಲ್ಲಿ ಸ್ವಲ್ಪ ಗುಳ್ಳೆ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ತಗಡಿನ ಮೈಯಿಂದ ಗುಳ್ಳೆ ಬರಲೇಬಾರದು. ನಮ್ಮ ಗೆರೆಯ ಉದ್ದಕ್ಕೂ ಸಾಲು ಗುಳ್ಳೆ ಎದ್ದಿತು. ಟೇಲ್‌ಪೈಪಿನೊಳಗೆ ಬೆಳಕು ಬಿಟ್ಟು ನೋಡಿದರೆ ಮಫ್ಲರ್ ಒಳಗಿನ ಕೊಳವೆ, ಫ್ಲೇಮ್ ಟ್ಯೂಬ್, ಕೂಡ ಒಂದು ಕಡೆ ಕಿತ್ತುಬಂದಿತ್ತು. ಇದು ಬಿರುಕಿಗಿಂತ ಕಡಿಮೆ ಅಪಾಯದ್ದಲ್ಲ. ಆ ತುಂಡು ಮುರಿದು ಹೊಗೆ ಹೋಗುವ ದಾರಿಗೆ ಅಡ್ಡ ಬಿದ್ದರೆ ಟೇಕ್‌ಆಫ್ ಹೊತ್ತಿನಲ್ಲೇ ಇಂಜಿನ್ ಶಕ್ತಿ ಕಳೆದುಕೊಳ್ಳಬಹುದು.

ವಿಮಾನ ನಿಂತಿತು. ಹೊಸ ಮಫ್ಲರ್ ಹೊರದೇಶದಿಂದ ಬರಬೇಕು, ಕಸ್ಟಮ್ಸ್ ದಾಟಬೇಕು. ಅಷ್ಟು ದಿನ ಹಾರಾಟ ಇಲ್ಲ ಅಂದರೆ ವಿಮಾನ ಇಟ್ಟುಕೊಂಡವರಿಗೆ ನಷ್ಟವೇ. ಅವರು ಕೇಳಿದ್ದು ಸಹಜವಾಗಿಯೇ ಇತ್ತು. "ನಿಮ್ಮೂರಲ್ಲಿ ಟ್ರ್ಯಾಕ್ಟರ್ ಸೈಲೆನ್ಸರ್‌ಗೆ ಚೆನ್ನಾಗಿ ವೆಲ್ಡಿಂಗ್ ಮಾಡೋರು ಇದಾರಲ್ವಾ ಸಾರ್? ಸದ್ಯಕ್ಕೆ ಒಂದು ಪ್ಯಾಚ್ ಹಾಕ್ಸಿ."

ಇದಾರೆ, ಕೈ ಚಳಕವೂ ಇದೆ. ಆದರೆ ವಿಷಯ ಕೈ ಚಳಕದ್ದಲ್ಲ. ಈ ತಗಡು ಯಾವ ಮಿಶ್ರಲೋಹ ಅಂತ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ಅದು ಗೊತ್ತಿಲ್ಲದೆ ಸರಿಯಾದ ವೆಲ್ಡಿಂಗ್ ರಾಡ್ ಆರಿಸಲಾಗದು. ಅದಕ್ಕಿಂತ ದೊಡ್ಡ ಮಾತು, ಬಿರುಕು ಬಿಟ್ಟಿದೆ ಅಂದರೆ ಸುತ್ತಲಿನ ತಗಡೂ ಒಳಗಿನಿಂದ ಸವೆದಿರುತ್ತದೆ. ತರಬೇತಿ ವಿಮಾನ ದಿನವಿಡೀ ಏರುತ್ತದೆ, ಇಳಿಯುತ್ತದೆ. ಎಕ್ಸಾಸ್ಟ್ ಹೊಗೆ 700 ಡಿಗ್ರಿ ಸೆಲ್ಸಿಯಸ್ ಮೇಲೇ ಇರುತ್ತದೆ. ಕಾಯುವುದು, ತಣಿಯುವುದು, ಮೇಲೆ ಇಂಜಿನ್ ನಡುಕ ಬೇರೆ. ಅಲ್ಲಿ ಹೊಲಿದರೆ ಪಕ್ಕದಲ್ಲಿ ಹರಿಯುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ರಿಪೇರಿ ಮಾರ್ಗಸೂಚಿಯೂ ಎಕ್ಸಾಸ್ಟ್ ಭಾಗಗಳನ್ನು ರಿಪೇರಿ ಮಾಡುವ ಬದಲು ಹೊಸದನ್ನೋ ಅಧಿಕೃತವಾಗಿ ನವೀಕರಿಸಿದ್ದನ್ನೋ ಹಾಕಿ ಅಂತಲೇ ಹೇಳುತ್ತದೆ. ಬೇರೆ ಸೂಚನೆ ಇಲ್ಲದ ಕಡೆ ಮಫ್ಲರನ್ನು 1,000 ಗಂಟೆಗೊಮ್ಮೆ ಬದಲಿಸುವುದು ಒಳ್ಳೆಯದು ಅನ್ನುವ ಶಿಫಾರಸೂ ಅವರದ್ದಿದೆ. ಇದನ್ನೆಲ್ಲ ಮುಂದಿಟ್ಟು ಹೇಳಿದೆ. ಮಾಲೀಕರು ಒಪ್ಪಿದರು, ಆರ್ಡರ್ ಹೋಯಿತು.

ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಇರುವ ವಿಮಾನಗಳಲ್ಲಿ ಇಂಥದೇ ಇನ್ನೊಂದು ಭಾಗ ಇದೆ, ವಿ-ಬ್ಯಾಂಡ್ ಕ್ಲ್ಯಾಂಪ್. ಟರ್ಬೊಗೆ ಟೇಲ್‌ಪೈಪನ್ನು ಕಟ್ಟಿಹಿಡಿಯುವ ಪಟ್ಟಿ. ಅದು ತುಂಡಾದರೆ ಪೈಪ್ ಕಳಚಿ, ಬೆಂಕಿಯಂಥ ಹೊಗೆ ನೇರ ಇಂಜಿನ್ ಕೋಣೆಗೆ ನುಗ್ಗುತ್ತದೆ. ಸ್ಪಾಟ್ ವೆಲ್ಡ್ ಮಾಡಿದ, ಹಲವು ತುಂಡಿನ ಕ್ಲ್ಯಾಂಪುಗಳು ಮತ್ತೆ ಮತ್ತೆ ಮುರಿದದ್ದರಿಂದ 2023ರಲ್ಲಿ ಎಫ್‌ಎಎ ಅವುಗಳ ಆಯಸ್ಸನ್ನು 500 ಗಂಟೆಗೆ ಮಿತಿಗೊಳಿಸಿತು. ನೋಡಲು ಚೆನ್ನಾಗಿದ್ದರೂ ಅವಧಿ ಮುಗಿದರೆ ಬಿಸಾಕಬೇಕು. ಹೊಸದು ಹಾಕುವಾಗ ಅಗತ್ಯಕ್ಕಿಂತ ಜಾಸ್ತಿ ಅಗಲಿಸಬಾರದು. ಬಿಗಿ ಮಾಡುತ್ತಾ ಮೆತ್ತನೆ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಮತ್ತೆ ಟಾರ್ಕ್ (ಬಿಗಿತದ ಅಳತೆ) ನೋಡಬೇಕು. ತಟ್ಟಿದ ಮೇಲೆ ಅದು ಸಡಿಲವಾಗುವುದನ್ನು ಕೈಯಲ್ಲೇ ತಿಳಿಯಬಹುದು.

ಮಫ್ಲರ್ ಬಂತು. ಮೊದಲು ನೋಡಿದ್ದು ಕಾಗದ. ಬಿಡಿಭಾಗದ ಜೊತೆ ಅಧಿಕೃತ ಬಿಡುಗಡೆ ಪತ್ರ ಇರಬೇಕು, ಅದರಲ್ಲಿರುವ ಪಾರ್ಟ್ ನಂಬರ್ ಭಾಗದ ಮೇಲಿನ ನಂಬರಿಗೆ ಹೊಂದಬೇಕು, ಆ ನಂಬರ್ ಈ ವಿಮಾನದ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಪೆಟ್ಟಿಗೆ ಮುಚ್ಚಿ ಇಡುವುದೇ.

ಹಳೆಯದನ್ನು ಬಿಚ್ಚುವುದೇ ಕಷ್ಟದ ಭಾಗ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಅದರಲ್ಲಿ ಕೂತಿರುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಉಕ್ಕು, ವರ್ಷಗಟ್ಟಲೆ ಬೆಂದ ನಟ್ಟು. ಜೋರು ಮಾಡಿದರೆ ಸ್ಟಡ್ ಮುರಿಯುತ್ತದೆ. ಆಮೇಲೆ ಮಫ್ಲರ್ ಕೆಲಸ ಬಿಟ್ಟು ಸಿಲಿಂಡರ್ ಕೆಲಸ ಶುರು. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೆಳಗ್ಗೆ ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ ಬಿಡಿಸಿದೆವು. ಈ ಕೆಲಸಕ್ಕೆ ಅವಸರ ಆಗದು.

ಹುಡುಗನ ಕಿವಿಯ ಹಿಂದೆ ಪೆನ್ಸಿಲ್ ಇತ್ತು. ಅದನ್ನು ಮೊದಲು ತೆಗೆಸಿ ಟೂಲ್ ಬಾಕ್ಸಿನಲ್ಲಿ ಇಡಿಸಿದೆ. ಎಕ್ಸಾಸ್ಟ್ ಭಾಗದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಲೇಬಾರದು. ಬಿಸಿಯಾದಾಗ ಪೆನ್ಸಿಲಿನ ಇಂಗಾಲ ಲೋಹದೊಳಗೆ ಸೇರಿಕೊಂಡು, ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ಸತುವಿನ ಲೇಪ ಇರುವ ಟೂಲುಗಳಿಗೂ ಇದೇ ಮಾತು. ಗುರುತು ಬೇಕೇಬೇಕಾದರೆ ಸೀಮೆಸುಣ್ಣ ಸಾಕು.

ಜೋಡಿಸುವಾಗ ಗ್ಯಾಸ್ಕೆಟ್ ಹೊಸದು, ನಟ್ಟೂ ಹೊಸದು. ಮೊದಲು ಎಲ್ಲವನ್ನೂ ಸಡಿಲವಾಗಿ ಹಾಕಿ, ಮಫ್ಲರ್ ತಾನಾಗಿ ತನ್ನ ಜಾಗದಲ್ಲಿ ಕೂರಲು ಬಿಡಬೇಕು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆಯನ್ನು ಎಳೆದು ಕೂರಿಸಿದರೆ, ಆ ಎಳೆತ ಲೋಹದೊಳಗೆ ಹಾಗೇ ಉಳಿಯುತ್ತದೆ. ಹೊಸ ಮಫ್ಲರ್ ಬೇಗ ಬಿರುಕು ಬಿಡಲು ಅದೊಂದೇ ಸಾಕು. ಎಲ್ಲ ಕಡೆ ಸಮವಾಗಿ, ಸುತ್ತು ಸುತ್ತಾಗಿ ಬಿಗಿದು, ಕೊನೆಗೆ ಕೈಪಿಡಿ ಹೇಳಿದ ಟಾರ್ಕ್. ಮತ್ತೆ ಸೋಪ್ ನೀರಿನ ಪರೀಕ್ಷೆ. ಕವಚ ಹಾಕುವ ಮುಂಚೆ ಫೈರ್‌ವಾಲ್‌ನ ಪ್ರತಿ ತೂತನ್ನೂ, ತಂತಿ ಹೋಗುವ ರಬ್ಬರ್ ಬುಷ್‌ಗಳನ್ನೂ ನೋಡಿದೆವು. ಎರಡು ಬುಷ್ ಒಣಗಿ ಸೀಳಿದ್ದವು, ಬದಲಿಸಿದೆವು. ಇಂಜಿನ್ ಓಡಿಸಿ ನೋಡಿದಾಗ ಕಾರ್ಬ್ ಹೀಟ್ ಇಳಿತ ಸರಿಹೋಗಿತ್ತು. ತಣ್ಣಗಾದ ಮೇಲೆ ಟಾರ್ಕ್ ಇನ್ನೊಮ್ಮೆ ನೋಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ.

ಹಳೆಯ ಮಫ್ಲರನ್ನು ಹಾಗೇ ಗುಜರಿಗೆ ಹಾಕಬಾರದು. ಯಾರೋ ತೊಳೆದು ಬಣ್ಣ ಬಳಿದು ಮತ್ತೆ ಮಾರಬಹುದು, ಹಾಗಾಗಿ ಬಳಸಲು ಬಾರದಂತೆ ಕತ್ತರಿಸಬೇಕು. ಒಪ್ಪಿಗೆ ಪಡೆದು, ದಾಖಲೆ ಮಾಡಿ ಊರಿಗೆ ತಂದೆ. ಬಿ.ಬಿ. ರಸ್ತೆಯ ಪಕ್ಕದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿಸಿದೆ. ಅಂಗಡಿಯ ಅಣ್ಣ ಮೊದಲು ಬಿರುಕು ನೋಡಿ, "ಇಷ್ಟಕ್ಕೇ ಬಿಸಾಕಿದ್ರಾ ಸಾರ್? ನಾನೇ ಹಾಕಿಕೊಡ್ತಿದ್ನಲ್ಲ" ಅಂದರು. ಗ್ರೈಂಡರ್ ಆರಿಸಿ ಎರಡು ಹೋಳು ಬಿಡಿಸಿದರು. ಒಳಗಿನ ಟ್ಯೂಬ್ ಗೆದ್ದಲು ತಿಂದ ಹಲಗೆಯಂತಾಗಿತ್ತು. ಅವರು ಗೋಡೆಯ ತಗಡನ್ನು ಹೆಬ್ಬೆರಳಿನಿಂದ ಒತ್ತಿದರು, ಅದು ಒಳಗೆ ತಗ್ಗಿತು. "ಇದಕ್ಕೆ ಆರ್ಕ್ ತಾಗಿಸಿದ್ರೆ ತೂತೇ ಬೀಳೋದು ಸಾರ್" ಅಂದರು. ನಾನು ಮಾಲೀಕರಿಗೆ ಅಷ್ಟು ಹೊತ್ತು ವಿವರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಆ ಹೋಳುಗಳನ್ನೇ ಈಗ ಐಟಿಐ ಹುಡುಗರಿಗೆ ತೋರಿಸುತ್ತೇನೆ.

ಇನ್ನು ಈ ವಿಷಾನಿಲ ಪತ್ತೆಹಚ್ಚುವ ಡಿಟೆಕ್ಟರ್. 1982ರಿಂದ 2020ರವರೆಗೆ ಕಾರ್ಬನ್ ಮೊನಾಕ್ಸೈಡ್ ಕಾರಣವಾದ 31 ಅಪಘಾತಗಳನ್ನು ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಗುರುತಿಸಿದೆ. ಅವುಗಳಲ್ಲಿ ಡಿಟೆಕ್ಟರ್ ಇದ್ದದ್ದು ಒಂದೇ ವಿಮಾನದಲ್ಲಿ. ಬಣ್ಣ ಬದಲಾಗುವ ಚುಕ್ಕೆಯ ಕಾರ್ಡ್ ಅಗ್ಗ, ಆದರೆ ಕೆಲವೇ ತಿಂಗಳಲ್ಲಿ ಅದರ ಗುಣ ಹೋಗುತ್ತದೆ. ಜೊತೆಗೆ ಪೈಲಟ್ ಅದನ್ನು ನೆನಪಿಟ್ಟು ನೋಡಬೇಕು. ಮಂಪರು ಬಂದವನು ನೋಡುತ್ತಾನಾ? ಸದ್ದು ಮಾಡುವ ಎಲೆಕ್ಟ್ರಾನಿಕ್ ಡಿಟೆಕ್ಟರೇ ಇರಲಿ. ಅದು ಕೂಗಿದರೆ ಹೀಟರ್ ಮುಚ್ಚಿ, ಹೊರಗಿನ ಗಾಳಿ ಬರುವ ಕಿಂಡಿಗಳನ್ನೆಲ್ಲ ತೆರೆದು, ಹತ್ತಿರದ ರನ್‌ವೇಯಲ್ಲಿ ಇಳಿಯಿರಿ. ತಲೆನೋವು ಹೋಯಿತು ಅಂತ ಅದೇ ವಿಮಾನದಲ್ಲಿ ಮತ್ತೆ ಹತ್ತಬೇಡಿ. ಇಂಜಿನಿಯರ್‌ಗೆ ಹೇಳಿ, ಕವಚ ಬಿಚ್ಚಿಸಿ.