ಚಾಟರ್ ಬಾರದಂತೆ ಬೋರಿಂಗ್ ಬಾರ್ ಆರಿಸುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಹಾಗೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ವರ್ಕ್‌ಶಾಪ್‌ಗಳಲ್ಲಿ ಬುಶ್ ಅಥವಾ ವಾಲ್ವ್ ಬಾಡಿಯ ಒಳಬೋರು ತೆಗೆಯುವಾಗ ಲೇತ್ ನಡುಗಿ ಕಿರುಚತೊಡಗಿದರೆ (ಇದೇ ಚಾಟರ್), ಟರ್ನರ್‌ನ ಕೈ ಮೊದಲು ಹೋಗುವುದು ಸ್ಪೀಡ್ ಬದಲಿಸುವ ಲಿವರ್‌ಗೆ. ಸ್ಪೀಡ್ ಇಳಿಸಿದರೆ ಸದ್ದು ಅಡಗಬಹುದು. ಆದರೆ ಕತ್ತರಿಸುವ ಟಿಪ್ಪನ್ನು ಹೊತ್ತು ಬೋರಿನೊಳಗೆ ಹೋಗುವ ಬೋರಿಂಗ್ ಬಾರ್ ತೆಳ್ಳಗಿದ್ದು, ಅದನ್ನು ಹಿಡಿದಿರುವ ಟೂಲ್ ಪೋಸ್ಟ್‌ನಿಂದ ತೀರಾ ಹೊರಚಾಚಿದ್ದರೆ ಕಂಪನದ ಮೂಲ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಜಾಬನ್ನು ಚಕ್‌ಗೆ ಏರಿಸುವ ಮೊದಲೇ ಬಾರಿನ ಲೆಕ್ಕ ಮುಗಿದಿರಬೇಕು.

ಮೊದಲು ಬೋರಿನ ವ್ಯಾಸ ಮತ್ತು ಆಳವನ್ನು ಅಳೆದುಕೊಳ್ಳಿ. ಉಕ್ಕಿನ ಬಾರ್ ತನ್ನ ವ್ಯಾಸದ 4 ಪಟ್ಟು, ಕಾರ್ಬೈಡ್ ಬಾರ್ ಸುಮಾರು 6 ಪಟ್ಟು ಹೊರಚಾಚಬಹುದು. ಅದಕ್ಕೂ ಆಳವಾದರೆ ಕಂಪನ ಹೀರುವ ವಿಶೇಷ ಬಾರ್ ಬೇಕಾಗುತ್ತದೆ. 28 ಮಿ.ಮೀ. ಬೋರಿನ, 70 ಮಿ.ಮೀ. ಆಳದ ಬುಶ್ ಇದೆಯೆನ್ನಿ. ಓಡಾಟದ ಜಾಗ ಸೇರಿ ಬಾರ್ 80 ಮಿ.ಮೀ. ಹೊರಗಿರಬೇಕು. 16 ಮಿ.ಮೀ. ಬಾರಿಗೆ ಇದು 5 ಪಟ್ಟಾಗುವುದರಿಂದ ಅದು ನಡುಗುತ್ತದೆ, 20 ಮಿ.ಮೀ. ಬಾರಿಗೆ ಸರಿಯಾಗಿ 4 ಪಟ್ಟು. ಬಾಗುವಿಕೆಯು ಹೊರಚಾಚಿದ ಉದ್ದದ ಘನಕ್ಕೆ ತಕ್ಕಂತೆ ಹೆಚ್ಚಿ, ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಕಡಿಮೆಯಾಗುವುದರಿಂದ, ಅಷ್ಟೇ ಉದ್ದ ಹೊರಗಿದ್ದರೂ 20 ಮಿ.ಮೀ. ಬಾರ್ ಬಾಗುವುದು 16ರದ್ದಕ್ಕಿಂತ ಅರ್ಧಕ್ಕೂ ಕಡಿಮೆ. ಹಾಗೆಂದು ಬೋರು ತುಂಬುವಷ್ಟು ದಪ್ಪ ಬಾರ್ ಹಾಕಿದರೆ ಚಿಪ್ಸ್ ಹೊರಬರಲು ದಾರಿಯಿಲ್ಲದೆ ಸಿಕ್ಕಿಕೊಂಡು ಬೋರಿನ ಗೋಡೆಯನ್ನು ಗೀರುತ್ತವೆ. ಕಾರ್ಬೈಡ್ ಬಾರ್ ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಿಗಿ, ನಿಜ. ಆದರೆ ದುಬಾರಿ, ಕೈಜಾರಿ ಬಿದ್ದರೆ ತುಂಡಾಗಲೂಬಹುದು. ಸಣ್ಣ ವರ್ಕ್‌ಶಾಪ್‌ನವರು ಮೊದಲು ಉಕ್ಕಿನಲ್ಲೇ ಒಂದು ಸೈಜ್ ದಪ್ಪದ್ದು ಹಿಡಿಸುತ್ತದೆಯೇ ಎಂದು ನೋಡುವುದು ಲೇಸು.

ಮುಂದಿನದು ಟಿಪ್. ಬಾರನ್ನು ಪಕ್ಕಕ್ಕೆ ತಳ್ಳುವ ಬಲ ಕಡಿಮೆಯಿರಬೇಕಾದರೆ ಹರಿತವಾದ ಪಾಸಿಟಿವ್ ಟಿಪ್ (ಅಂಚಿನ ಕೆಳಗೆ ಪಕ್ಕಗಳು ಒಳಸರಿದಿರುವಂಥದ್ದು) ಮತ್ತು ಟೂಲ್ ಮುಂದೆ ಸಾಗುವ (ಫೀಡ್) ದಿಕ್ಕಿಗೆ 90 ಡಿಗ್ರಿಗೆ ಹತ್ತಿರದ ಕೋನದಲ್ಲಿ ಕತ್ತರಿಸುವ ಹೋಲ್ಡರ್ ಬೇಕು. ಸಿಸಿಎಂಟಿ 060204 ಎಂಬ ಟಿಪ್‌ನಲ್ಲಿ ಕೊನೆಯ 04 ಎಂದರೆ ಮೂಗಿನ ರೇಡಿಯಸ್ 0.4 ಮಿ.ಮೀ. ಕಟ್‌ನ ಆಳ ಈ ರೇಡಿಯಸ್‌ಗಿಂತ ಹೆಚ್ಚಿರಬೇಕು. ಫಿನಿಶಿಂಗ್‌ಗೆಂದು ವ್ಯಾಸದಲ್ಲಿ ಅರ್ಧ ಮಿ.ಮೀ. ಉಳಿಸಿದರೆ ಒಂದು ಬದಿಗೆ ಕಟ್ ಕೇವಲ 0.25 ಮಿ.ಮೀ.; ಅಲ್ಲಿ 0.2ರ ಟಿಪ್ ಒಪ್ಪುತ್ತದೆ, 0.8ರದ್ದು ಬಾರನ್ನು ದೂಡುತ್ತ ನಡುಗಿಸುತ್ತದೆ.

ಟೂಲ್ ಪೋಸ್ಟ್‌ನಲ್ಲಿ ಬಾರಿನ ಹಿಡಿತ ಅದರ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಿರಬಾರದು. ದುಂಡು ಬಾರನ್ನು ಬರೀ ಸ್ಕ್ರೂ ಒತ್ತಿ ಹಿಡಿಯುವುದಕ್ಕಿಂತ ಸೀಳಿರುವ ಸ್ಲೀವ್‌ನಲ್ಲಿ ಕೂರಿಸಿದರೆ ಸುತ್ತಲೂ ಹಿಡಿತ ಸಿಗುತ್ತದೆ. ಟೇಲ್ ಸ್ಟಾಕ್ ಸೆಂಟರ್‌ನ ಮೊನೆಗೆ ಟಿಪ್ಪನ್ನು ಹೊಂದಿಸಿ, ಕೂದಲೆಳೆಯಷ್ಟು ಮೇಲಿಡಿ. ಕತ್ತರಿಸುವಾಗ ಬಾರ್ ಕೆಳಕ್ಕೆ ಬಾಗುತ್ತದೆ.

ಇಷ್ಟಾದ ಮೇಲೂ ಕಿರುಚಿದರೆ ಸ್ಪೀಡ್ ಇಳಿಸಿ, ಫೀಡ್ ಸ್ವಲ್ಪ ಏರಿಸಿ ನೋಡಿ. ತೆಳುಗೋಡೆಯ ಬುಶ್ ಆಗಿದ್ದರೆ ಮಾತ್ರ ಜಾಬೇ ನಡುಗುತ್ತಿರುವ ಸಾಧ್ಯತೆಯಿದ್ದು, ಆಗ ಬಾರ್ ಬದಲಿಸುವ ಬದಲು ಸಾಫ್ಟ್ ಜಾ (ಜಾಬಿನ ಆಕಾರಕ್ಕೆ ಕೊರೆದುಕೊಳ್ಳುವ ಚಕ್‌ನ ಮೆದು ದವಡೆ) ಹಾಕಿ ಹಿಡಿತವನ್ನು ಹರಡಬೇಕು.