ಐಸಿಎಲ್ ಹಾಕಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಮೈನಸ್ 8, ಮೈನಸ್ 10 ಪವರ್ ಇದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳು ಅಂತ ಡಾಕ್ಟರು ಲೇಸಿಕ್, ಅಂದರೆ ಲೇಸರ್ ಚಿಕಿತ್ಸೆ, ಬೇಡ ಅಂದಿದ್ದಾರಾ? ಐಸಿಎಲ್, ಅಂದರೆ ಕಣ್ಣೊಳಗೆ ಕೂರಿಸುವ ಲೆನ್ಸ್, ಬಗ್ಗೆ ಕೇಳಿ. ಇದರಲ್ಲಿ ಕಣ್ಣಿನ ಸ್ವಂತ ಲೆನ್ಸ್ ತೆಗೆಯುವುದಿಲ್ಲ, ಅದರ ಮುಂದೆ, ಐರಿಸ್‌ನ (ಕಣ್ಣಿನ ಬಣ್ಣದ ಭಾಗ) ಹಿಂದೆ ಇನ್ನೊಂದು ತೆಳು ಲೆನ್ಸ್ ಕೂರಿಸುತ್ತಾರೆ, ಬೇಡವಾದರೆ ಮುಂದೆ ತೆಗೆಯಲೂಬಹುದು. ವಯಸ್ಸು 21 ದಾಟಿರಬೇಕು, ಪವರ್ ಒಂದು ವರ್ಷದಿಂದ ಬದಲಾಗಿರಬಾರದು. ಅದಕ್ಕಿಂತ ಮುಖ್ಯ, ಲೆನ್ಸ್ ಕೂರಲು ಕಣ್ಣೊಳಗೆ ಜಾಗ ಇದೆಯಾ ಅನ್ನುವುದು, ಕಾರ್ನಿಯಾದಿಂದ ಸ್ವಂತ ಲೆನ್ಸ್‌ವರೆಗೆ ಸಾಮಾನ್ಯವಾಗಿ 2.8ರಿಂದ 3 ಮಿಲಿಮೀಟರ್ ಆಳವಾದರೂ ಬೇಕು. ರೆಟಿನಾ (ಕಣ್ಣಿನ ಹಿಂದಿನ ಪರದೆ) ಪರೀಕ್ಷೆ ಬಿಡಬೇಡಿ. ಸಿಲಿಂಡರ್ ಪವರ್ ಇದ್ದರೆ ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕು, ಖರ್ಚು ಜಾಸ್ತಿ. ಐಸಿಎಲ್‌ನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ಆಸ್ಪತ್ರೆಯವರು ಇದನ್ನೆಲ್ಲ ಹೇಳದೆ ಬರೀ ಆಫರ್ ಹೇಳಿದರೆ ಸುಮ್ನೆ ಎದ್ದು ಬನ್ನಿ. 40 ದಾಟಿದ ಮೇಲೆ ಓದುವ ಕನ್ನಡಕ ಹೇಗೂ ಬರುತ್ತದೆ, ಅದನ್ನು ಐಸಿಎಲ್ ತಡೆಯುವುದಿಲ್ಲ.